ಕೈಗೆ ಬಂದದ್ದೆಲ್ಲ ಗಳಿಕೆಯಲ್ಲ



ಕಳೆದ ಶ್ರಾವಣದಲ್ಲಿ ಕುಬಸದ ಕಾರ್ಯವೊಂದಕ್ಕೆ ನಾಶಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೊರಟಿದ್ದೆವು. 2023ರವರೆಗೆ ನಾವೆಲ್ಲ ಔರಂಗಾಬಾದ್ ಎಂದು ಕರೆಯುತ್ತಿದ್ದ ಊರು ಅದು. ಗಾಡಿ ನಮ್ಮ ಬಳಗದ ಹುಡುಗನದೇ. ಇಪ್ಪತ್ತೇಳರ ಪ್ರಾಯ. ವಾರವೆಲ್ಲ ಓಲಾ, ಊಬರ್ ಆ್ಯಪಿನಲ್ಲಿ ಕರೆ ಬಂದ ಕಡೆ ಬಾಡಿಗೆ ಹೊಡೆಯುತ್ತಾನೆ. ನಡುನಡುವೆ ಶಿರಡಿಗೆ, ತ್ರ್ಯಂಬಕೇಶ್ವರಕ್ಕೆ, ನಮ್ಮ ರಾಷ್ಟ್ರಕೂಟರ ಕೈಲಾಸ ದೇಗುಲವಿರುವ ಎಲ್ಲೋರಾಕ್ಕೆ ಹೊರಗಿನ ಬಾಡಿಗೆಯೂ ಸಿಗುತ್ತದೆ.

ಯೇವಲೆ ದಾಟಿ ವೈಜಾಪುರದ ಹತ್ತಿರ ಬರುವಾಗ ಬ್ರೇಕು ಕಿರುಗುಟ್ಟತೊಡಗಿತು. ರಸ್ತೆ ಬದಿಯ ಗ್ಯಾರೇಜಿನಲ್ಲಿ ಬ್ರೇಕ್ ಪ್ಯಾಡ್ ಬದಲಾಯಿಸಿದರು. 2,400 ರೂಪಾಯಿ ಆಯಿತು. ಮೆಕ್ಯಾನಿಕ್ ಕಾರ್ಬನ್ ಹಾಳೆ ಇಟ್ಟು ನೀಟಾಗಿ ಬಿಲ್ಲು ಬರೆದುಕೊಟ್ಟ. ನಮ್ಮ ಹುಡುಗ ಅದನ್ನು ಓದಲೂ ಇಲ್ಲ, ಮುದ್ದೆ ಮಾಡಿ ರಸ್ತೆ ಬದಿಗೆ ಎಸೆದುಬಿಟ್ಟ!

"ಯಾಕಪ್ಪಾ, ಎಸೆದುಬಿಟ್ಟೆ?" ಎಂದೆ.

"ರೊಕ್ಕ ಅಂತೂ ಹೋತಲ್ರಿ ಕಾಕೂ. ಇನ್ನ ಚೀಟಿ ಇಟ್ಕೊಂಡು ಏನ್ ಮಾಡೋದೈತಿ?" ಎಂದು ನಕ್ಕ.

ಮುಂದೆ ದಾರಿಯುದ್ದಕ್ಕೂ ಮಾತು ಅದರ ಸುತ್ತಲೇ ನಡೆಯಿತು. ತಿಂಗಳಿಗೆ ಎಂಬತ್ತು ಸಾವಿರ ಗಳಿಸುತ್ತೇನೆ ಎಂದ. 2026–27ರ ಸಿಂಹಸ್ಥ ಕುಂಭಮೇಳವನ್ನು ನೆಚ್ಚಿಕೊಂಡು ಎರಡನೆಯ ಗಾಡಿ ಕೊಳ್ಳುವ ವಿಚಾರ ಮಾಡಿದ್ದ. ಸಾಲ ಕೊಡುವವರು ಎರಡು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳಿದ್ದರಂತೆ. "ಒಬ್ಬ ಏಜೆಂಟ ಅದಾನ್ರಿ, ಎಷ್ಟು ಬೇಕಂತೀರೋ ಅಷ್ಟು ಆದಾಯ ತೋರಿಸಿ ಮಾಡಿಕೊಡತಾನ" ಎಂದ. ಅಷ್ಟು ಕೇಳಿದ ಮೇಲೆ ನನಗೆ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂರಲು ಆಗಲಿಲ್ಲ.

ಈ ಲೇಖನ ಆ ಹುಡುಗನಿಗಾಗಿ, ಅವನಂಥ ನಿಮಗಾಗಿ. ನಿಮ್ಮಲ್ಲಿ ಕೆಲವರು ಸ್ವತಃ ಗಾಡಿ ಓಡಿಸುತ್ತೀರಿ. ಕೆಲವರ ಅಣ್ಣನೋ, ಮಾವನೋ, ಗೆಳೆಯನೋ ಓಡಿಸುತ್ತಾನೆ. ನಾನು ಲೆಕ್ಕಶಾಸ್ತ್ರ ಓದಿದವಳಲ್ಲ. ಮೂವತ್ತು ವರ್ಷ ಕಾಲನಿರ್ಣಯ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನವನ ಖಾಡಾ ಬರೆದವಳು, ಅಷ್ಟೇ. ಆದರೆ ಇಲ್ಲಿ ಬರೆದದ್ದನ್ನು ತಿಳಿದವರನ್ನು ಕೇಳಿ, ಓದಿ, ಖಾತ್ರಿ ಮಾಡಿಕೊಂಡೇ ಬರೆದಿದ್ದೇನೆ.

ಸಂಬಳದ ಮನೆ, ಸ್ವಂತ ದುಡಿಮೆಯ ಮನೆ

ನಿಮ್ಮ ತಂದೆಯವರ ಕಾಲ ಬೇರೆ ಇತ್ತು. ವಿಜಾಪುರ, ಕಲಬುರಗಿ, ಬೀದರ, ಬೆಳಗಾವಿಗಳಿಂದ ಬಂದು ಸಾತಪುರ, ಅಂಬಡ, ವಾಳೂಜ, ಚಿಕಲಠಾಣಾದ ಕಾರ್ಖಾನೆಗಳಲ್ಲಿ ಸಂಬಳಕ್ಕೆ ನಿಂತರು. ತೆರಿಗೆ ಇದ್ದರೆ ಕಚೇರಿಯೇ ಸಂಬಳದಲ್ಲಿ ಮುರಿದುಕೊಂಡು ವರ್ಷದ ಕೊನೆಗೆ ಫಾರ್ಮ್ 16 ಎಂಬ ಕಾಗದ ಕೊಡುತ್ತಿತ್ತು. ಕಾರ್ಖಾನೆಯ ಯಂತ್ರ ಕೆಟ್ಟರೆ ಅದರ ಚಿಂತೆ ಮಾಲೀಕನದು. ಹೀಗಾಗಿ ನಮ್ಮ ಮನೆಗಳಲ್ಲಿ ದುಡಿಮೆಯ ಲೆಕ್ಕ ಬರೆಯುವ ರೂಢಿಯೇ ಬೆಳೆಯಲಿಲ್ಲ. ಸಂಬಳ ಎಂದರೆ ಗಳಿಕೆ, ಗಳಿಕೆ ಎಂದರೆ ಸಂಬಳ.

ಹಳದಿ ನಂಬರ್ ಪ್ಲೇಟಿನ ಗಾಡಿ ಕೊಂಡ ದಿನದಿಂದ ನೀವು ಮಾಲೀಕರು. ಯಂತ್ರವೂ ನಿಮ್ಮದೇ, ಅದು ಕೆಟ್ಟಾಗಿನ ಚಿಂತೆಯೂ ನಿಮ್ಮದೇ. ಆದಾಯ ತೆರಿಗೆ ಕಾಯ್ದೆ ನಿಮ್ಮನ್ನು ಸಂಬಳದಾರರೆಂದು ಎಣಿಸುವುದಿಲ್ಲ. ಒಬ್ಬ ವ್ಯಾಪಾರಸ್ಥರೆಂದು ಎಣಿಸುತ್ತದೆ. ವ್ಯಾಪಾರಸ್ಥನಿಗೆ ತೆರಿಗೆ ಬೀಳುವುದು ಗಲ್ಲಾಪೆಟ್ಟಿಗೆಗೆ ಬಂದ ಹಣದ ಮೇಲಲ್ಲ, ಖರ್ಚು ಕಳೆದು ಉಳಿದ ಲಾಭದ ಮೇಲೆ. ಇದು ಸರಕಾರ ದೊಡ್ಡ ಮನಸ್ಸು ಮಾಡಿ ಕೊಟ್ಟ ರಿಯಾಯಿತಿಯೆಂದು ತಿಳಿಯಬೇಡಿ. ಸಂಪಾದನೆಗಾಗಿ ಮಾಡಿದ ಖರ್ಚನ್ನು ಸಂಪಾದನೆ ಎಂದು ಕರೆಯಲಾಗುವುದಿಲ್ಲ ಎಂಬ ಸರಳ ನ್ಯಾಯ ಇದು.

ಯಾವ ಖರ್ಚು ಕಳೆಯಬಹುದು?

ಮೊದಲಿಗೆ ಒಂದು ಮಾತು. ಅರವತ್ತಕ್ಕೂ ಹೆಚ್ಚು ವರ್ಷ ನಡೆದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ. ಲಾಭದ ಮೇಲಷ್ಟೇ ತೆರಿಗೆ ಎಂಬ ತತ್ವ ಬದಲಾಗಿಲ್ಲ. ನಿಮ್ಮ ಸಲಹೆಗಾರರು ಇನ್ನೂ ಹಳೆಯ ಸಂಖ್ಯೆಗಳಲ್ಲೇ ಮಾತಾಡುವುದರಿಂದ ಇಲ್ಲಿ ಹಳೆಯವನ್ನೇ ಹೇಳಿದ್ದೇನೆ.

ಡೀಸೆಲ್, ಪೆಟ್ರೋಲ್, ಸಿಎನ್‌ಜಿ ಯಾವುದೇ ಇರಲಿ, ಇಂಧನದ ಖರ್ಚು ಕಳೆಯಬಹುದು. ಆ್ಯಪಿನವರ ಕಮಿಷನ್ ಅಥವಾ ದಿನದ ಚಂದಾ, ನೀವೇ ಭರಿಸಿದ ಟೋಲ್ ಮತ್ತು ಪಾರ್ಕಿಂಗ್, ಪರ್ಮಿಟ್, ಫಿಟ್‌ನೆಸ್, ಪಿಯುಸಿ ಶುಲ್ಕಗಳು, ಬಾಡಿಗೆ ಹಿಡಿಯಲು ಬಳಸುವ ಮೊಬೈಲಿನ ರೀಚಾರ್ಜು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಗಾಡಿಗೆ ಬೇರೆ ಚಾಲಕನನ್ನು ಇಟ್ಟಿದ್ದರೆ ಅವನ ಸಂಬಳವೂ ಸೇರುತ್ತದೆ.

ಇನ್ನು ಪಾಲನೆ-ಪೋಷಣೆಯ ಖರ್ಚು. ಹಳೆಯ ಕಾಯ್ದೆಯ 31ನೆಯ ಕಲಮು ರಿಪೇರಿ ಮತ್ತು ವಿಮೆಗೆಂದೇ ಇತ್ತು. ಇಂಜಿನ್ ಆಯಿಲ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಟೈರು, ಬ್ಯಾಟರಿ, ವ್ಹೀಲ್ ಅಲೈನ್‌ಮೆಂಟ್, ಏಸಿಗೆ ಗ್ಯಾಸ್, ಗಾಡಿ ತೊಳೆಸಿದ್ದು, ಮೂರು ವರ್ಷಕ್ಕೊಮ್ಮೆ ಸಿಎನ್‌ಜಿ ಸಿಲಿಂಡರಿನ ಪರೀಕ್ಷೆ, ಎಲ್ಲವನ್ನೂ ಬರೆಯಿರಿ. ಜಿಎಸ್‌ಟಿ ನೋಂದಣಿ ಇಲ್ಲದ ಚಾಲಕರಿಗೆ ಬಿಲ್ಲಿನ ಮೇಲಿನ ಜಿಎಸ್‌ಟಿ ವಾಪಸು ಸಿಗುವುದಿಲ್ಲ. ಆದ್ದರಿಂದ ಜಿಎಸ್‌ಟಿ ಸೇರಿ ಪೂರ್ತಿ ಮೊತ್ತವನ್ನೇ ಖರ್ಚೆಂದು ಹಿಡಿಯಿರಿ. 2025ರ ಸೆಪ್ಟೆಂಬರ್ 22ರಿಂದ ಟೈರು ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ಬಿಲ್ಲಿನಲ್ಲಿ ಅದು ಸರಿಯಾಗಿ ಬಂದಿದೆಯೇ ಎಂದೂ ನೋಡಿಕೊಳ್ಳಿ.

ರಿಪೇರಿ ಯಾವುದು, ಹೊಸದು ಮಾಡಿಸಿದ್ದು ಯಾವುದು? 2007ರಲ್ಲಿ ಒಂದು ನೂಲಿನ ಗಿರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಇದ್ದ ವಸ್ತುವನ್ನು ಇದ್ದ ಹಾಗೆ ಉಳಿಸಿಕೊಳ್ಳಲು ಮಾಡಿದ ಖರ್ಚು ರಿಪೇರಿ. ಸವೆದ ಟೈರಿಗೆ ಹೊಸ ಟೈರು ಹಾಕಿದರೆ ರಿಪೇರಿ. ಪೆಟ್ರೋಲ್ ಗಾಡಿಗೆ ಹೊಸದಾಗಿ ಸಿಎನ್‌ಜಿ ಕಿಟ್ ಕೂಡಿಸಿದರೆ ಗಾಡಿಯ ಬೆಲೆಯೇ ಹೆಚ್ಚಿದಂತೆ. ಅದನ್ನು ಒಮ್ಮೆಗೇ ಖರ್ಚು ಹಾಕಲು ಬರುವುದಿಲ್ಲ, ಗಾಡಿಯ ಬೆಲೆಗೆ ಸೇರಿಸಿ ಸವಕಳಿಯ ಮೂಲಕ ಕಳೆಯಬೇಕು.

ಸವಕಳಿ: ಕಾಣದ ಖರ್ಚು

ಸವಕಳಿ ಎಂದೆನಲ್ಲ, ಚಾಲಕರು ಮರೆಯುವ ಎಲ್ಲಕ್ಕಿಂತ ದೊಡ್ಡ ಖರ್ಚು ಇದೇ. ಇದಕ್ಕೆ ಬಿಲ್ಲು ಇಲ್ಲ, ಜೇಬಿನಿಂದ ಹಣ ಹೋಗುವುದಿಲ್ಲ. ಆದರೆ ಒರಳುಕಲ್ಲು ಸವೆದ ಹಾಗೆ ಗಾಡಿ ದಿನದಿನಕ್ಕೂ ಸವೆಯುತ್ತದೆ. ನೀವು ಓಡಿಸಿದ ಪ್ರತಿ ಕಿಲೋಮೀಟರಿಗೂ ಗಾಡಿಯ ಒಂದು ಚೂರನ್ನು ಮಾರಿದಂತೆಯೇ ಸರಿ.

1961ರ ಕಾಯ್ದೆಯ ನಿಯಮಗಳಲ್ಲಿ ಸಾಮಾನ್ಯ ಕಾರಿಗೆ ವರ್ಷಕ್ಕೆ ಶೇಕಡ 15 ಸವಕಳಿ. ಬಾಡಿಗೆಗೆ ಓಡಿಸುವ ಟ್ಯಾಕ್ಸಿಗೆ ಅದರ ಎರಡರಷ್ಟು, ಶೇಕಡ 30. ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಲೆಕ್ಕ. 8,00,000 ರೂಪಾಯಿಯ ಗಾಡಿಗೆ ಮೊದಲ ವರ್ಷ 2,40,000, ಎರಡನೆಯ ವರ್ಷ 1,68,000, ಮೂರನೆಯ ವರ್ಷ 1,17,600. ಕೊಂಡ ವರ್ಷದಲ್ಲಿ ಗಾಡಿ 180 ದಿನಕ್ಕಿಂತ ಕಡಿಮೆ ಓಡಿದ್ದರೆ ಆ ವರ್ಷ ಅರ್ಧ ಮಾತ್ರ. ಗಾಡಿ ನಿಮ್ಮದಲ್ಲದೆ ಬಾಡಿಗೆಗೆ ತಂದದ್ದಾದರೆ ಸವಕಳಿ ನಿಮಗಿಲ್ಲ, ಮಾಲೀಕನಿಗೆ ಕೊಟ್ಟ ಬಾಡಿಗೆಯೇ ನಿಮ್ಮ ಖರ್ಚು.

ಸಾಲದ ಕಂತಿನ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಕಂತು ಪೂರ್ತಿಯಾಗಿ ಖರ್ಚಲ್ಲ. ಅದರೊಳಗಿನ ಬಡ್ಡಿಯ ಭಾಗ ಮಾತ್ರ ಖರ್ಚು. ಅಸಲಿನ ಭಾಗ ಗಾಡಿಯ ಬೆಲೆಯೇ ಆದ್ದರಿಂದ ಅದು ಸವಕಳಿಯ ರೂಪದಲ್ಲಿ ಆಗಲೇ ಕಳೆದುಹೋಗಿರುತ್ತದೆ. ಒಂದೇ ಅಕ್ಕಿಯನ್ನು ಎರಡು ಸಲ ಅಳೆಯಲಾಗದಲ್ಲವೇ? ಬಡ್ಡಿ ಎಷ್ಟು, ಅಸಲು ಎಷ್ಟು ಎಂಬ ಪಟ್ಟಿಯನ್ನು ಸಾಲ ಕೊಟ್ಟವರು ಕೇಳಿದರೆ ಕೊಡುತ್ತಾರೆ.

ಯಾವುದು ಕಳೆಯಬಾರದು?

ಸಿಗ್ನಲ್ ಹಾರಿಸಿ ಕಟ್ಟಿದ ಚಲನ್ ಖರ್ಚಲ್ಲ. ಕಾನೂನು ಮುರಿದದ್ದಕ್ಕೆ ತೆತ್ತ ದಂಡವನ್ನು ಕಾಯ್ದೆ ಒಪ್ಪುವುದಿಲ್ಲ. ನಿಮ್ಮ ಸ್ವಂತ ಊಟ, ಚಹಾ ಕೂಡ ಲೆಕ್ಕಕ್ಕಿಲ್ಲ. ಗಾಡಿ ಓಡಿಸದಿದ್ದರೂ ಊಟ ಮಾಡುತ್ತಿದ್ದಿರಲ್ಲ! ನಿಮ್ಮ ದುಡಿಮೆಗೆ ನೀವೇ ಸಂಬಳ ಬರೆದುಕೊಳ್ಳುವಂತಿಲ್ಲ.

ಅದೇ ಗಾಡಿಯಲ್ಲಿ ಅಮ್ಮನನ್ನು ತುಳಜಾಪುರಕ್ಕೆ ಕರೆದುಕೊಂಡು ಹೋದರೆ ಅದು ಮನೆಯ ಓಡಾಟ. ವರ್ಷದಲ್ಲಿ ಹತ್ತರಲ್ಲಿ ಒಂದು ಪಾಲು ಮನೆಗಾಗಿ ಓಡಿದ್ದರೆ ಇಂಧನ, ರಿಪೇರಿ, ವಿಮೆ, ಸವಕಳಿ ಎಲ್ಲದರಲ್ಲೂ ಹತ್ತನೆಯ ಒಂದು ಪಾಲು ಬಿಟ್ಟುಕೊಡಬೇಕು.

ಇನ್ನೊಂದು ಮುಖ್ಯ ಮಾತು. ಒಬ್ಬರಿಗೇ ಒಂದೇ ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಕಾಯ್ದೆ ಒಪ್ಪುವುದಿಲ್ಲ. ನಾಲ್ಕು ಟೈರು ಒಟ್ಟಿಗೆ ಹಾಕಿಸಿದಾಗ, ಕ್ಲಚ್ ಕೆಲಸ ಮಾಡಿಸಿದಾಗ ಇದು ನೆನಪಿರಲಿ. ಅಂಥ ಹಣವನ್ನು ಬ್ಯಾಂಕಿನ ಮೂಲಕವೋ ಫೋನಿನ ಮೂಲಕವೋ ಕೊಡಿ.

ಅಡುಗೆಮನೆಯ ಮೇಜಿನ ಮೇಲೆ

ಕುಬಸ ಮುಗಿಸಿ ಊರಿಗೆ ಬಂದ ಮೇಲೆ ಒಂದು ಭಾನುವಾರ ಆ ಹುಡುಗನನ್ನು ಊಟಕ್ಕೆ ಕರೆದೆ. ಊಟವಾದ ಮೇಲೆ ಹಳೆಯ ನೋಟ್‌ಬುಕ್ಕಿನ ಹಾಳೆ ಮುಂದಿಟ್ಟೆ. ಆ್ಯಪಿನ ವಾರದ ಪಟ್ಟಿ, ಫೋನಿನ ಪಾವತಿಗಳು, ಅವನ ನೆನಪು, ಮೂರನ್ನೂ ಕೂಡಿಸಿ ಗಾಡಿಯ ಎರಡನೆಯ ವರ್ಷದ ಲೆಕ್ಕ ಹಾಕಿದೆವು. ದುಂಡಗೆ ಮಾಡಿದ ಅಂಕಿಗಳು ಹೀಗಿವೆ:

ವರ್ಷದ ಒಟ್ಟು ಬಾಡಿಗೆ: 9,60,000
ಕಮಿಷನ್: 1,44,000
ಇಂಧನ: 2,64,000
ಸರ್ವಿಸ್, ಟೈರು, ರಿಪೇರಿ: 62,000
ವಿಮೆ: 48,000
ಟೋಲ್, ಪಾರ್ಕಿಂಗ್: 18,000
ಪರ್ಮಿಟ್, ಫಿಟ್‌ನೆಸ್ ಇತ್ಯಾದಿ: 12,000
ಮೊಬೈಲ್: 6,000

ಖರ್ಚಿನ ಮೊತ್ತ 5,54,000. ಉಳಿದದ್ದು 4,06,000. ಅದರಲ್ಲಿ ಸಾಲದ ಕಂತು ತಿಂಗಳಿಗೆ 12,750ರಂತೆ ವರ್ಷಕ್ಕೆ 1,53,000 ಹೋಯಿತು. ಮನೆಗೆ ಬಂದದ್ದು 2,53,000. ತಿಂಗಳಿಗೆ ಇಪ್ಪತ್ತೊಂದು ಸಾವಿರ!

ಹುಡುಗ ಮೂರು ಸಲ ಕೂಡಿಸಿದ. "ಎಂಬತ್ತು ಸಾವಿರ ಎಲ್ಲಿ ಹೋತ್ರಿ ಕಾಕೂ?" ಎಂದ. ರಿಪೇರಿಯ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತ. ಕೇಳಿದರೆ ಹೆಚ್ಚೆಂದರೆ ಇಪ್ಪತ್ತು ಸಾವಿರ ಆಗಿದ್ದೀತು ಎಂದಿದ್ದವನು ಅವನು. ಟೈರು 18,000, ನಾಲ್ಕು ಸರ್ವಿಸಿಗೆ 22,000, ಕ್ಲಚ್ 12,000, ಬ್ರೇಕು ಮತ್ತು ಬ್ಯಾಟರಿ 7,000, ತೊಳೆಸಿದ್ದು ಮತ್ತು ಪಂಕ್ಚರು 3,000. ಹನಿ ಹನಿ ಕೂಡಿದರೆ ಹಳ್ಳ ಎನ್ನುವ ಗಾದೆ ಉಳಿತಾಯಕ್ಕೆ ಮಾತ್ರವಲ್ಲ, ಖರ್ಚಿಗೂ ಸಲ್ಲುತ್ತದೆ.

ಈಗ ಇದನ್ನೇ ತೆರಿಗೆಯ ಲೆಕ್ಕದಲ್ಲಿ ನೋಡೋಣ. ಉಳಿದ 4,06,000ದಲ್ಲಿ ಆ ವರ್ಷದ ಬಡ್ಡಿ 45,400 ಕಳೆಯಿರಿ. ಎರಡನೆಯ ವರ್ಷದ ಸವಕಳಿ 1,68,000 ಕಳೆಯಿರಿ. ಕಾಯ್ದೆಯ ಪ್ರಕಾರ ಅವನ ಲಾಭ 1,92,600 ರೂಪಾಯಿ.

"ಹಂಗಾದ್ರ ತೆರಿಗೀನ ಇಲ್ಲಲ್ರಿ?"

ಅವನು ಕೇಳಿದ ಮುಂದಿನ ಪ್ರಶ್ನೆ ಇದು. ನಿಜ. 2025ರ ಬಜೆಟ್ಟಿನ ಬಳಿಕ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ, 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟು ಸಿಕ್ಕು ತೆರಿಗೆ ಸೊನ್ನೆಯಾಗುತ್ತದೆ. ಒಂದೇ ಗಾಡಿಯ ಚಾಲಕನಿಗೆ ಬ್ರೇಕ್ ಪ್ಯಾಡಿನ ಬಿಲ್ಲು ತೆರಿಗೆಯಲ್ಲಿ ಒಂದು ಪೈಸೆಯನ್ನೂ ಉಳಿಸದೇ ಇರಬಹುದು. ಮತ್ತೇಕೆ ಈ ತಾಪತ್ರಯ ಎಂದು ನೀವೂ ಕೇಳುತ್ತೀರಿ. ಹೇಳುತ್ತೇನೆ.

ಮೊದಲನೆಯದಾಗಿ, ನಿಮ್ಮ ಬಾಡಿಗೆಯ ಲೆಕ್ಕ ಸರಕಾರಕ್ಕೆ ಆಗಲೇ ಗೊತ್ತು. ಆ್ಯಪಿನವರು ನಿಮ್ಮ ಒಟ್ಟು ಬಾಡಿಗೆಯ ಮೇಲೆ ಮೂಲದಲ್ಲೇ ತೆರಿಗೆ ಮುರಿಯುತ್ತಾರೆ. 2024ರ ಅಕ್ಟೋಬರ್ 1ರಂದು ಈ ದರ ಶೇಕಡ 1ರಿಂದ 0.1ಕ್ಕೆ ಇಳಿಯಿತು. ಮುರಿದದ್ದು ಚಿಲ್ಲರೆ ಹಣ, ರಿಟರ್ನ್ ಸಲ್ಲಿಸಿದರೆ ವಾಪಸು ಬರುತ್ತದೆ. ಆದರೆ ಅದರ ಜೊತೆಗೆ 9,60,000 ಎಂಬ ಅಂಕಿಯೂ ನಿಮ್ಮ ಪ್ಯಾನ್ ನಂಬರಿಗೆ ಅಂಟಿಕೊಳ್ಳುತ್ತದೆ. ಇಷ್ಟು ಬಂದಿದೆಯಲ್ಲ, ಲಾಭ ಎಷ್ಟು ಎಂದು ನಾಳೆ ಪತ್ರ ಬಂದರೆ ಉತ್ತರ ಹೇಳಬೇಕಾದದ್ದು ನೀವು ಎಸೆದ ಆ ಚೀಟಿಗಳು.

ಎರಡನೆಯದು ಸಾಲ. ಇಲ್ಲಿ ಒಂದು ಸುಲಭದ ದಾರಿಯ ಬಗ್ಗೆ ಹೇಳಬೇಕು. ಹಳೆಯ ಕಾಯ್ದೆಯ 44ಎಡಿ ಕಲಮಿನಲ್ಲಿ ಖರ್ಚಿನ ವಿವರವೇ ಬೇಡ. ಬ್ಯಾಂಕು ಅಥವಾ ಫೋನಿನ ಮೂಲಕ ಬಂದ ಬಾಡಿಗೆಯ ಶೇಕಡ 6, ನಗದಿನ ಶೇಕಡ 8, ಇಷ್ಟನ್ನು ಕನಿಷ್ಠ ಲಾಭವೆಂದು ತೋರಿಸಿದರೆ ಆಯಿತು. ನಮ್ಮ ಹುಡುಗನ ಹಣವೆಲ್ಲ ಬ್ಯಾಂಕಿಗೇ ಬಂದಿದ್ದರೆ 57,600. ಕಾನೂನಿಗೆ ಸರಿ, ಕೆಲಸವೂ ಹಗುರ, ಅನೇಕರಿಗೆ ಸಾಕು. ಆದರೆ ಈ ದಾರಿಯಲ್ಲಿ ರಿಪೇರಿ, ಬಡ್ಡಿ, ಸವಕಳಿ ಎಂದು ಬೇರೆಯಾಗಿ ಏನನ್ನೂ ಕಳೆಯುವಂತಿಲ್ಲ. ಆ ವರ್ಷದ ಸವಕಳಿಯನ್ನು ಕೊಟ್ಟಾಯಿತೆಂದೇ ಕಾಯ್ದೆ ಎಣಿಸುತ್ತದೆ. ಈ ದಾರಿ ಹಿಡಿದು ಐದು ವರ್ಷದೊಳಗೆ ಬಿಟ್ಟರೆ ಮುಂದಿನ ಐದು ವರ್ಷ ಮತ್ತೆ ಅದಕ್ಕೆ ಮರಳುವಂತಿಲ್ಲ.

ಈಗ ಸಾಲ ಕೊಡುವವರ ಕುರ್ಚಿಯಲ್ಲಿ ಕೂತು ನೋಡಿ. ವರ್ಷಕ್ಕೆ 57,600 ಗಳಿಸುವವನಿಗೆ ಯಾರು ಗಾಡಿಯ ಸಾಲ ಕೊಟ್ಟಾರು? ವಿವರವಾದ ಲೆಕ್ಕ ಇದ್ದರೆ ಅವರು 1,92,600 ಲಾಭ ನೋಡುತ್ತಾರೆ. ಸವಕಳಿ ಜೇಬಿನಿಂದ ಹೋದ ಹಣವಲ್ಲವಾದ್ದರಿಂದ ಸಾಮಾನ್ಯವಾಗಿ ಆ 1,68,000ವನ್ನು ಮತ್ತೆ ಕೂಡಿಸಿ 3,60,600 ಎಂದು ಓದುತ್ತಾರೆ. ಒಂದೇ ಹುಡುಗ, ಒಂದೇ ಗಾಡಿ, ಆದರೆ ಕಾಗದ ಹೇಳುವ ಕಥೆ ಬೇರೆ!

ಮೂರನೆಯದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ, ಅಪಶಕುನ ನುಡಿಯುತ್ತಾಳೆ ಎಂದುಕೊಳ್ಳಬೇಡಿ. ನೀವು ರಾತ್ರಿ ಹಗಲೆನ್ನದೆ ಹೆದ್ದಾರಿಯಲ್ಲಿ ಇರುವವರು. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ ಎಷ್ಟು ಪರಿಹಾರ ಎಂದು ಮೋಟಾರು ಅಪಘಾತ ನ್ಯಾಯಮಂಡಳಿ ನಿರ್ಧರಿಸುವುದು ವರ್ಷದ ಆದಾಯದಿಂದಲೇ. ಆ ಆದಾಯವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುತ್ತಾರೆ. 2009ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 26ರಿಂದ 30 ವರ್ಷದವರಿಗೆ ಅದು 17. ಆದಾಯದ ಮುಖ್ಯ ಪುರಾವೆ ಯಾವುದು? ನಿಮ್ಮ ರಿಟರ್ನ್. ಅದರಲ್ಲಿ 57,600 ಎಂದು ಬರೆದಿದ್ದರೆ ಗುಣಾಕಾರ ಅಲ್ಲಿಂದಲೇ ಶುರುವಾಗುವ ಅಪಾಯವಿದೆ. 44ಎಡಿಯಲ್ಲೂ ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬಹುದು. ತೆರಿಗೆ ಹೇಗೂ ಇಲ್ಲದಿರುವಾಗ ನಿಮ್ಮ ದುಡಿಮೆಯನ್ನು ನೀವೇ ಯಾಕೆ ಕಡಿಮೆ ಮಾಡಿ ತೋರಿಸುತ್ತೀರಿ?

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಲೆಕ್ಕ ಬರೆದರೆ ನಿಮಗೇ ನಿಮ್ಮ ಸ್ಥಿತಿ ತಿಳಿಯುತ್ತದೆ. ಸಾಲ ತೀರುವ ಹೊತ್ತಿಗೆ ಗಾಡಿಯೂ ಮುಕ್ಕಾಲು ತೀರಿರುತ್ತದೆ ಎಂಬುದು ತಿಳಿಯುತ್ತದೆ. ಎರಡನೆಯ ಗಾಡಿಗೆ ಚಾಲಕನನ್ನು ಇಟ್ಟು ಅವನಿಗೆ ಸಂಬಳ ಕೊಟ್ಟರೆ ಏನು ಉಳಿದೀತು ಎಂದು ನಾವು ಅದೇ ಹಾಳೆಯ ಹಿಂಬದಿಯಲ್ಲಿ ಹಾಕಿ ನೋಡಿದೆವು. ಕಂತು ಕಟ್ಟಿದ ಮೇಲೆ ಕೈಯಿಂದಲೇ ಹಾಕಬೇಕಾಗಿತ್ತು. ಕುಂಭಮೇಳದ ಜನಜಂಗುಳಿ ಕೆಲವು ತಿಂಗಳಿನದು, ಸಾಲ ಐದು ವರ್ಷದ್ದು. ಹುಡುಗ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಈ ಸಲ ಎಸೆಯಲಿಲ್ಲ.

ತಪ್ಪು ಸಲಹೆಗಳು

ಇಂಗ್ಲಿಷಿನಲ್ಲಿ ಓದಿ, ನೋಡಿ ಕಲಿಯುವ ನಿಮಗೆ ಒಂದು ಎಚ್ಚರಿಕೆ. ಕಿಲೋಮೀಟರ್ ಎಣಿಸಿ ಅದಕ್ಕೆ ಇಷ್ಟೆಂದು ಕಳೆದುಬಿಡಿ ಎಂಬ ಸಲಹೆ ಅಮೆರಿಕದ್ದು. ಅಲ್ಲಿ 2025ರ ವರ್ಷಕ್ಕೆ ಮೈಲಿಗೆ 70 ಸೆಂಟ್ ಎಂದು ಸರಕಾರವೇ ದರ ಗೊತ್ತುಮಾಡಿತ್ತು. ಬ್ರಿಟನ್ನಿನಲ್ಲೂ ಇಂಥ ವ್ಯವಸ್ಥೆ ಇದೆ. ನಮ್ಮ ದೇಶದಲ್ಲಿ ಚಾಲಕರಿಗೆ ಅಂಥ ದರವಿಲ್ಲ. ನಿಜವಾದ ಖರ್ಚು, ಇಲ್ಲವೇ 44ಎಡಿ, ಎರಡೇ ದಾರಿ. ಅಲ್ಲಿರುವ ನಿಮ್ಮ ಸೋದರತ್ತೆಯ ಮಗನ ಮಾತು ಅಲ್ಲಿಗೆ ಸರಿ, ಇಲ್ಲಿಗಲ್ಲ.

ಗಾಡಿಗೆ ತಿಂಗಳಿಗೆ 7,500 ತೋರಿಸಿದರೆ ಮುಗಿಯಿತು ಎನ್ನುವವರೂ ಸಿಗುತ್ತಾರೆ. ಅದು ಸರಕು ಸಾಗಿಸುವ ಗಾಡಿಗಳ 44ಎಇ ಕಲಮು. ಜನರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಸಲ್ಲುವುದಿಲ್ಲ.

ಬೇಕಾದಷ್ಟು ಆದಾಯ ತೋರಿಸುತ್ತೇನೆ, ಬೇಕಾದಷ್ಟು ರೀಫಂಡ್ ತರಿಸುತ್ತೇನೆ ಎನ್ನುವ ಏಜೆಂಟರಿಂದ ದೂರವಿರಿ. 2025ರ ಜುಲೈಯಲ್ಲಿ ಆದಾಯ ತೆರಿಗೆ ಇಲಾಖೆ ಸುಳ್ಳು ಕಡಿತ ತೋರಿಸಿ ರಿಟರ್ನ್ ತುಂಬುವವರ ಮೇಲೆ ದೇಶದ ಅನೇಕ ಕಡೆ ತಪಾಸಣೆ ನಡೆಸಿತು. ಏಜೆಂಟ ತನ್ನ ಎರಡು ಸಾವಿರ ತೆಗೆದುಕೊಂಡು ಹೋಗಿರುತ್ತಾನೆ. ಕಾಗದದ ಮೇಲಿನ ಹೆಸರು ಮಾತ್ರ ನಿಮ್ಮದೇ.

ಇಂದಿನಿಂದಲೇ ಶುರುಮಾಡಿ

ಇದಕ್ಕೆ ದೊಡ್ಡ ವಿದ್ಯೆ ಬೇಡ. ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿಕ್ಕ ವಹಿ ಇಡಿ. ಬೆಳಿಗ್ಗೆ ಹೊರಡುವಾಗ ಮೀಟರಿನ ಅಂಕಿ, ರಾತ್ರಿ ನಿಲ್ಲಿಸುವಾಗಿನ ಅಂಕಿ ಬರೆಯಿರಿ. ಮನೆಯ ಓಡಾಟವಾದರೆ ಪಕ್ಕದಲ್ಲಿ "ಮನೆ" ಎಂದು ಬರೆಯಿರಿ. ಗ್ಯಾರೇಜಿನಲ್ಲಿ ಗಾಡಿಯ ನಂಬರ್ ಹಾಕಿದ ಪಕ್ಕಾ ಬಿಲ್ಲು ಕೇಳಿ. ಪೆಟ್ರೋಲ್ ಪಂಪಿನ ಚೀಟಿಯ ಮಸಿ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಅಂದೇ ಫೋಟೊ ತೆಗೆದುಬಿಡಿ. ತಿಂಗಳಿಗೊಂದು ಲಕೋಟೆ ಮಾಡಿ ಅದರಲ್ಲಿ ಬಿಲ್ಲುಗಳನ್ನು ಹಾಕಿ. ಬಾಡಿಗೆಯ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ಇಟ್ಟರೆ ಇನ್ನೂ ಒಳ್ಳೆಯದು. ಈ ಕಾಗದಗಳನ್ನು ಏಳೆಂಟು ವರ್ಷ ಜೋಪಾನವಾಗಿಡಿ. ಯಾವ ದಾರಿ ಹಿಡಿಯಬೇಕೆಂದು ರಿಟರ್ನ್ ತುಂಬುವ ಮುಂಚೆ ಒಬ್ಬ ಚಾರ್ಟರ್ಡ್ ಅಕೌಂಟೆಂಟರನ್ನು ಕೇಳಿ. ನಿಮ್ಮ ಲಕೋಟೆಗಳು ಸಿದ್ಧವಿದ್ದರೆ ಅವರ ಕೆಲಸ ಹಗುರ, ಅವರಿಗೆ ಕೊಟ್ಟ ಶುಲ್ಕವೂ ನಿಮ್ಮ ವ್ಯಾಪಾರದ ಖರ್ಚೇ.

ಮನೆಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸವನ್ನು ತಂಗಿಯೋ, ಹೆಂಡತಿಯೋ, ತಾಯಿಯೋ ವಹಿಸಿಕೊಳ್ಳಬಹುದು. ಹಾಲಿನ ಖಾಡಾ ಬರೆಯುವ ಕೈಗೆ ಬ್ರೇಕ್ ಪ್ಯಾಡಿನ ಲೆಕ್ಕ ಭಾರವಾಗುವುದಿಲ್ಲ. ದುಡಿಯುವವನು ಒಬ್ಬ, ಬರೆಯುವವರು ಇನ್ನೊಬ್ಬರು ಆದರೆ ಮನೆಯವರಿಗೆಲ್ಲ ಆ ದುಡಿಮೆಯ ಬೆಲೆ ತಿಳಿಯುತ್ತದೆ. ಇಪ್ಪತ್ತೊಂದು ಸಾವಿರದ ಹಿಂದೆ ಎಂಬತ್ತು ಸಾವಿರದಷ್ಟು ಓಡಾಟವಿದೆ ಎಂದು ಗೊತ್ತಾದ ದಿನ ಆ ಹುಡುಗನ ತಾಯಿ ಹೊಸ ಫ್ರಿಜ್ಜಿನ ಮಾತನ್ನು ತಾವಾಗಿಯೇ ಮುಂದಕ್ಕೆ ಹಾಕಿದರಂತೆ.

ನಿಮ್ಮ ಬಳಗದಲ್ಲಿ ಗಾಡಿ ಓಡಿಸುವವರಿದ್ದರೆ ಈ ಪುಟಗಳನ್ನು ಅವರಿಗೆ ತೋರಿಸಿ. ಕನ್ನಡ ಮಾತಾಡಲು ಬಂದರೂ ಓದಲು ತಡವರಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅಂಥವರ ಪಕ್ಕ ಕೂತು ಓದಿ ಹೇಳಿ. ಮುಂದಿನ ಸಲ ಗ್ಯಾರೇಜಿನವನು ಬಿಲ್ಲು ಕೊಟ್ಟಾಗ ಅದನ್ನು ಮಡಚಿ ವಹಿಯೊಳಗೆ ಇಟ್ಟುಕೊಳ್ಳಿ.

ನಿಮ್ಮ ಗಾಡಿಯೂ ಮನೆಯೂ ಸುಖವಾಗಿ ಸಾಗಲಿ ಎಂದು ಹಾರೈಸುತ್ತೇನೆ.